ಬಾರ್ ದಪ್ಪ ಮಾಡುವ ಮೊದಲು ಬುಷ್ ನೋಡಿ

ಪ್ರಶ್ನೆ: ನನ್ನದು 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, 70,000 ಕಿ.ಮೀ. ದಾಟಿದೆ. ಪಡುಬಿದ್ರಿಯಿಂದ ಬೆಳ್ಮಣ್ ಮೇಲೆ ಕಾರ್ಕಳಕ್ಕೆ ಹೋಗುವಾಗ ತಿರುವುಗಳಲ್ಲಿ ಕಾರು ವಾಲುತ್ತದೆ, ಮೂತಿ ಹೊರಗೆ ಎಳೆಯುತ್ತದೆ. ಬೆಂಗಳೂರಿನಲ್ಲಿರುವ ಭಾವ ಹಿಂದೆ ಮುಂದೆ ಎರಡೂ ಕಡೆ ದಪ್ಪ ಸ್ವೇ ಬಾರ್ ಹಾಕು ಅಂತಾರೆ. ಮನೆಯಂಗಳದಲ್ಲೇ ಹಾಕಿಕೊಳ್ಳಬಹುದೇ? ಇಂಥ ಕಾರನ್ನು ಮನೆಯಲ್ಲಿ ಎಷ್ಟರ ಮಟ್ಟಿಗೆ ನೋಡಿಕೊಳ್ಳಬಹುದು?
— ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಸುರತ್ಕಲ್‌ನ ನಮ್ಮ ಮನೆಯ ಶೆಡ್ಡಿನಲ್ಲಿ ನಿಂತಿರುವುದೂ ಇದೇ ಕಾರು. ಹಾಗಾಗಿ ನಿಮ್ಮ ಪತ್ರ ಓದಿ ಖುಷಿಯಾಯಿತು. ಮುಂದಿನ ಬಾರ್ ಮುಟ್ಟಬೇಡಿ, ಹಿಂದಿನದು ಹಾಕಬಹುದು. ಆದರೆ ಈಗಲೇ ಬೇಡ. ಯಾಕೆ ಅಂತ ಹೇಳುತ್ತೇನೆ.

ಸ್ವೇ ಬಾರ್ ಅಂದರೆ ನಮ್ಮ ಗ್ಯಾರೇಜುಗಳಲ್ಲಿ ಸ್ಟೆಬಿಲೈಸರ್ ಬಾರ್ ಅನ್ನುತ್ತೇವಲ್ಲ, ಅದೇ. ಒಂದು ಸ್ಪ್ರಿಂಗ್ ಸ್ಟೀಲಿನ ಸರಳು. ನಡುಭಾಗ ಎರಡು ರಬ್ಬರ್ ಬುಷ್‌ಗಳಲ್ಲಿ ಸಬ್‌ಫ್ರೇಮಿಗೆ (ಕಾರಿನ ಅಡಿಯಲ್ಲಿ ಸಸ್ಪೆನ್ಶನ್ ಹೊರುವ ಚೌಕಟ್ಟು) ಕೂತಿರುತ್ತದೆ. ಎರಡು ತುದಿಗಳು ಲಿಂಕ್ ರಾಡ್ ಮೂಲಕ ಎಡ, ಬಲ ಚಕ್ರಗಳ ಕಡೆಗೆ ಹೋಗುತ್ತವೆ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಅದು ಬುಷ್ ಒಳಗೆ ಸುಮ್ನೆ ತಿರುಗುತ್ತದೆ, ಏನೂ ಮಾಡುವುದಿಲ್ಲ. ಒಂದೇ ಬದಿ ಮೇಲೆ ಹೋದಾಗ ಮಾತ್ರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು, ವಾಲುವುದನ್ನು ತಡೆಯುತ್ತದೆ.

ದಪ್ಪ ಸ್ವಲ್ಪ ಹೆಚ್ಚಾದರೂ ಬಿಗಿ ಬಹಳ ಹೆಚ್ಚುತ್ತದೆ. ಬಿಗಿ ಏರುವುದು ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ. 20 ಮಿ.ಮೀ. ಸರಳಿನ ಜಾಗಕ್ಕೆ 22 ಮಿ.ಮೀ. ಹಾಕಿದರೆ ಸುಮಾರು ಒಂದೂವರೆ ಪಟ್ಟು. 24 ಹಾಕಿದರೆ ಎರಡು ಪಟ್ಟಿಗೂ ಜಾಸ್ತಿ! "ನಾಲ್ಕೇ ಮಿಲಿಮೀಟರ್ ಅಲ್ವಾ" ಅಂತ ಆರ್ಡರ್ ಮಾಡುವವರು ಈ ಲೆಕ್ಕ ಮೊದಲು ಹಾಕಬೇಕು. ನಿಮ್ಮ ಕಾರಿನಲ್ಲಿ ಈಗಿರುವ ಬಾರ್ ಎಷ್ಟು ದಪ್ಪ ಅಂತ ವರ್ನಿಯರ್ ಹಿಡಿದು ಅಳೆದುಕೊಳ್ಳಿ. ಅಂಗಡಿಯವರ ಮಾತು ನಂಬಿ ಅಳತೆ ಹೇಳಬೇಡಿ. ಟೊಳ್ಳು ಬಾರ್ ಸಿಕ್ಕಿದರೆ ಹೆದರಬೇಕಾಗಿಲ್ಲ. ಒಳಗಿನ ತೂತು ಹೊರ ವ್ಯಾಸದ ಅರ್ಧದಷ್ಟಿದ್ದರೂ ಬಿಗಿ ಕಳೆದುಕೊಳ್ಳುವುದು ಶೇ. 6ರಷ್ಟು ಮಾತ್ರ, ತೂಕ ಮಾತ್ರ ಕಾಲು ಭಾಗ ಇಳಿಯುತ್ತದೆ.

ಇನ್ನು ಭಾವನವರ "ಎರಡೂ ಕಡೆ" ಎಂಬ ಮಾತು. ತಿರುವಿನಲ್ಲಿ ಒಳಬದಿಯ ಭಾರ ಹೊರಬದಿಯ ಚಕ್ರಕ್ಕೆ ಹೋಗುತ್ತದೆ. ಬಾರ್ ಬದಲಿಸಿದರೆ ಈ ಒಟ್ಟು ಭಾರ ಕಡಿಮೆ ಆಗುವುದಿಲ್ಲ. ಅದರಲ್ಲಿ ಮುಂದಿನ ಜೋಡಿಗೆಷ್ಟು, ಹಿಂದಿನ ಜೋಡಿಗೆಷ್ಟು ಎಂಬ ಪಾಲು ಮಾತ್ರ ಬದಲಾಗುತ್ತದೆ. ಟೈರಿನ ಮೇಲೆ ಭಾರ ಇಮ್ಮಡಿ ಹಾಕಿದರೆ ಹಿಡಿತ ಇಮ್ಮಡಿ ಆಗುವುದಿಲ್ಲ, ಅದಕ್ಕಿಂತ ಕಡಿಮೆಯೇ. ಹಾಗಾಗಿ ಯಾವ ಜೋಡಿಯ ಬಾರ್ ಬಿಗಿಯೋ ಆ ಜೋಡಿಯ ಹಿಡಿತ ಸ್ವಲ್ಪ ಇಳಿಯುತ್ತದೆ. ನಮ್ಮದು ಮುಂದಿನ ಚಕ್ರ ಎಳೆಯುವ ಕಾರು. ಮೂತಿಯೇ ಹೊರಗೆ ಹೋಗುತ್ತಿರುವಾಗ ಮುಂದಿನ ಬಾರ್ ದಪ್ಪ ಮಾಡಿದರೆ ಅದು ಇನ್ನಷ್ಟು ಹೊರಗೆ ಹೋದೀತು. ತಿರುವಿನಿಂದ ಹೊರಬರುವಾಗ ಒಳಬದಿಯ ಚಕ್ರವೂ ಹಿಡಿತ ತಪ್ಪಿ ಬೇಗ ಸುಮ್ನೆ ಸುತ್ತತೊಡಗುತ್ತದೆ. ಹಿಂದಿನದು ಬಿಗಿಯಾದರೆ ಮೂತಿ ಒಳಗೆ ಬರುತ್ತದೆ, ಸ್ಟಿಯರಿಂಗ್ ಚುರುಕಾಗುತ್ತದೆ. ಮೊದಲ ತಿರುವಿನಲ್ಲೇ ಅದು ನಿಮಗೆ ಗೊತ್ತಾಗುತ್ತದೆ.

ಆದರೆ ಅದಕ್ಕೆ ಬೆಲೆಯೂ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಊರಿನ ರಸ್ತೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ ಮಾರಾಯ್ರೇ. ಹಿಂದಿನ ಬಾರ್ ಅತಿ ಬಿಗಿಯಾಗಿದ್ದು, ಒದ್ದೆ ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಜಾರುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ, ಅದೂ ಮಂಜು ಕವಿದ ದಿನ, ನನಗಂತೂ ಆ ಗುಣ ಬೇಡ. ಗುಂಡಿ ಬಿದ್ದ ರಸ್ತೆಯಲ್ಲಿ ಒಂದು ಚಕ್ರದ ಕುಲುಕು ಇನ್ನೊಂದಕ್ಕೂ ದಾಟುತ್ತದೆ, ತಲೆ ಆಚೀಚೆ ಹೊಯ್ದಾಡುತ್ತದೆ. ಹಿಂದಿನ ಸೀಟಿನಲ್ಲಿ ಅಮ್ಮನನ್ನೋ ಮಕ್ಕಳನ್ನೋ ಕೂರಿಸಿಕೊಂಡು ಹೋಗುವ ಕಾರಿಗೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ 24 ಬೇಡ, ಒಂದು ಮೆಟ್ಟಿಲು ಏರಿದರೆ ಸಾಕು. ತುದಿಯಲ್ಲಿ ಎರಡು ಮೂರು ತೂತು ಇರುವ ಬಾರ್ ತೆಗೆದುಕೊಳ್ಳಿ. ಲಿಂಕನ್ನು ತೀರಾ ತುದಿಯ ತೂತಿಗೆ ಹಾಕಿದರೆ ಮೆದು, ಒಳಗಿನ ತೂತಿಗೆ ಹಾಕಿದರೆ ಬಿಗಿ. ಮೆದುವಿನಿಂದಲೇ ಶುರು ಮಾಡಿ. ಮಳೆಗಾಲ ಪೂರ್ತಿ ಮೆದುವಲ್ಲೇ ಇರಲಿ.

"ಈಗಲೇ ಬೇಡ" ಅಂದದ್ದು ಯಾಕೆಂದರೆ 70,000 ದಾಟಿದ ಕಾರು ವಾಲುವುದಕ್ಕೆ ಬಾರ್ ಸಪೂರ ಇರುವುದೇ ಕಾರಣ ಆಗಬೇಕಾಗಿಲ್ಲ. ಬುಷ್ ಸವೆದು ಸಡಿಲವಾಗಿದ್ದರೆ, ಲಿಂಕ್‌ನ ಬಾಲ್ ಜಾಯಿಂಟ್ ಆಡುತ್ತಿದ್ದರೆ, ಬಾರ್ ಕೆಲಸಕ್ಕೆ ಇಳಿಯುವ ಮೊದಲೇ ಕಾರು ವಾಲಿ ಆಗಿರುತ್ತದೆ. ಮೊದಲು ಬುಷ್, ಲಿಂಕ್, ಶಾಕ್ ಅಬ್ಸಾರ್ಬರ್, ಟೈರ್ ನೋಡಿ. ಆಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ವಿಆರ್‌ಎಸ್‌ನ ಹಿಂಭಾಗ ಮಲ್ಟಿಲಿಂಕ್, ಅಂದರೆ ಪ್ರತಿ ಚಕ್ರವನ್ನು ಹಲವು ತೋಳುಗಳು ಹಿಡಿದಿರುತ್ತವೆ; ಅಲ್ಲೂ ಅಡ್ಜಸ್ಟ್ ಮಾಡಲಿಕ್ಕೆ ಇರುತ್ತದೆ. ಮುಂದಿನ ಎರಡನ್ನು ಮಾತ್ರ ನೋಡಿ "ಆಯ್ತು" ಅನ್ನುವವರ ಹತ್ತಿರ ಹೋಗಬೇಡಿ. ಇಷ್ಟು ಮಾಡಿದ ಮೇಲೆ ಅದೇ ಬೆಳ್ಮಣ್ ರಸ್ತೆಯಲ್ಲಿ ಒಮ್ಮೆ ಹೋಗಿ ಬನ್ನಿ. ಬಾರ್ ಬೇಕೋ ಬೇಡವೋ ಆಗ ನಿಮಗೇ ತಿಳಿಯುತ್ತದೆ.

ಲಿಂಕ್ ಬದಲಾಯಿಸುವುದು ಅಂಗಳದಲ್ಲಿ ಆಗುವ ಕೆಲಸ. ಕಡಲ ಕರೆಯ ಕಾರಿನ ನಟ್ಟುಗಳು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ರಾತ್ರಿಯೇ ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಕೆಂಪು ಕಲ್ಲಿನ ಅಂಗಳವಾದರೆ ಜಾಕ್ ಕೆಳಗೂ ಸ್ಟ್ಯಾಂಡ್ ಕೆಳಗೂ ದಪ್ಪ ಪ್ಲೈವುಡ್ ಹಲಗೆ ಇಡಿ, ಇಲ್ಲದಿದ್ದರೆ ಕಲ್ಲು ಪುಡಿಯಾಗಿ ಸ್ಟ್ಯಾಂಡ್ ಕುಸಿಯುತ್ತದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಎರಡೂ ಹಿಂದಿನ ಚಕ್ರ ಒಂದೇ ಎತ್ತರದಲ್ಲಿರಲಿ. ಒಂದೇ ಬದಿ ಎತ್ತಿದರೆ ಬಾರ್ ತಿರುಚಿಕೊಂಡಿರುತ್ತದೆ, ಲಿಂಕ್ ಬಿಚ್ಚಿದ ಕೂಡಲೇ ಕೈಗೆ ಹೊಡೆಯಬಹುದು. ಹೊಸ ನಟ್ಟುಗಳನ್ನೇ ಹಾಕಿ, ಕೊನೆಗೆ ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿಮಾಡಿ. ಚಕ್ರದ ಬೋಲ್ಟ್‌ಗಳಿಗೆ 120 ನ್ಯೂಟನ್ ಮೀಟರ್.

ಬಾರ್ ಹಾಕುವುದನ್ನು ಮಾತ್ರ ಲಿಫ್ಟ್ ಇರುವ ಕಡೆ ಮಾಡಿಸಿ. ಹಿಂದಿನ ಸಬ್‌ಫ್ರೇಮ್ ಸ್ವಲ್ಪ ಇಳಿಸದೆ ಹಳೆ ಬಾರ್ ಹೊರಗೆ ಬರುವುದು ಕಷ್ಟ. ಸಬ್‌ಫ್ರೇಮಿನ ಬೋಲ್ಟ್‌ಗಳು ಒಮ್ಮೆ ಬಿಗಿಯುವಾಗಲೇ ಎಳೆದುಕೊಳ್ಳುವಂಥವು, ಮತ್ತೆ ಹಳೆಯದನ್ನೇ ಹಾಕಬಾರದು. ಮೆಕ್ಯಾನಿಕ್‌ಗೆ ಹೊಸ ಬೋಲ್ಟ್ ನೀವೇ ಕೊಡಿ. ಪಾಲಿಯುರೆಥೇನ್ ಬುಷ್ ಬಂದರೆ ಅದರ ಜೊತೆ ಕೊಟ್ಟ ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಇಲ್ಲದಿದ್ದರೆ ಪ್ರತಿ ಹಂಪ್‌ನಲ್ಲೂ ಕಿರ್ರ್ ಅನ್ನುತ್ತದೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮತ್ತೊಮ್ಮೆ.

ಮನೆಯಲ್ಲಿ ನೋಡಿಕೊಳ್ಳುವುದರಲ್ಲಿ ನಾನು ಮೊದಲಿಗೆ ಇಡುವುದು ಕಾರಿನ ಹೊಟ್ಟೆ ತೊಳೆಯುವುದನ್ನು. ನಮಗೆ ಮಳೆಯಷ್ಟೇ ಉಪ್ಪುಗಾಳಿಯೂ ಶತ್ರು. ಕಾಪು, ಮಲ್ಪೆ, ಮರವಂತೆ ಕಡೆ ಹೋಗಿ ಬಂದರೆ ಚಕ್ರದ ಗೂಡು, ಸಬ್‌ಫ್ರೇಮ್, ಸ್ಪ್ರಿಂಗ್ ಎಲ್ಲಕ್ಕೂ ಬಾವಿ ನೀರು ಹಾಯಿಸಿ. ಬಾರ್‌ನ ಬಣ್ಣ ಕಲ್ಲು ತಾಗಿ ಎದ್ದಿದ್ದರೆ ಉಜ್ಜಿ ಪ್ರೈಮರ್ ಹಚ್ಚಿ. ತುಕ್ಕು ಕೊರೆದ ಸಣ್ಣ ಗುಳಿಯಿಂದಲೇ ಇಂಥ ಸ್ಟೀಲ್ ಬಿರುಕು ಬಿಡುವುದು. ತುಕ್ಕಿನ ಮೇಲೆಯೇ ಕಪ್ಪು ಟಾರ್ ಕೋಟಿಂಗ್ ಬಳಿಯುವುದು ನನಗೆ ಹಿಡಿಸುವುದಿಲ್ಲ. ಒದ್ದೆ ಒಳಗೇ ಉಳಿದು, ಹೊರಗೆ ಕಾಣದ ಹಾಗೆ ತಿನ್ನುತ್ತದೆ.

ಎಂಜಿನ್ ಆಯಿಲ್, ಫೋಕ್ಸ್‌ವ್ಯಾಗನ್ ಕಂಪನಿಯ ಮಾನದಂಡವಾದ ವಿಡಬ್ಲ್ಯೂ 502 00 ಎಂದು ಡಬ್ಬಿಯಲ್ಲಿ ಬರೆದಿರುವುದೇ ಬೇಕು. ಬ್ರೇಕ್ ಫ್ಲೂಯಿಡ್ ತೇವ ಹೀರುತ್ತದೆ, ನಮ್ಮ ಗಾಳಿಯಲ್ಲಿ ಅದಕ್ಕೆ ಬರವೇ ಇಲ್ಲ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ. ಕೂಲಂಟ್‌ಗೆ ಮಾತ್ರ ಬಾವಿ ನೀರು ಬೇಡ. ಈ ಎಂಜಿನ್ನಿನ ಥರ್ಮೋಸ್ಟಾಟ್ ಮತ್ತು ವಾಟರ್ ಪಂಪ್ ಕೂರುವ ಹೌಸಿಂಗ್ ಪ್ಲಾಸ್ಟಿಕ್ಕಿನದು, ಸೋರುವುದು ಹೆಚ್ಚಾಗಿ ಅಲ್ಲಿಂದ. ಟಾರ್ಚ್ ಹಾಕಿ, ಕೂಲಂಟ್ ಒಣಗಿದ ಗುಲಾಬಿ ಬಣ್ಣದ ಕಲೆ ಇದೆಯೇ ನೋಡಿ. ಹಲಸು, ಮಾವಿನ ಮರದಡಿ ನಿಲ್ಲಿಸುವವರು ವೈಪರ್ ಬುಡದ ಎಲೆ ತೆಗೆಯುತ್ತಿರಿ. ಡಿಎಸ್‌ಜಿ (ಈ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಆಯಿಲನ್ನು ಮನೆಯಲ್ಲಿ ಮುಟ್ಟಬೇಡಿ. ಅದು 60,000 ಕಿ.ಮೀ.ಗೊಮ್ಮೆ ಫಿಲ್ಟರ್ ಸಮೇತ ಬದಲಾಗಬೇಕು. ಮಟ್ಟ ನೋಡಲು ಗೇರ್‌ಬಾಕ್ಸಿನ ಬಿಸಿಯನ್ನು ಸ್ಕ್ಯಾನರ್‌ನಲ್ಲಿ ಓದಿಕೊಂಡೇ ಮಾಡಬೇಕು. ಹಿಂದಿನ ಮಾಲೀಕರು ಮಾಡಿಸಿದ ಬಿಲ್ ಇಲ್ಲವೇ? ಹಾಗಾದರೆ ಬಾರ್‌ಗೆ ತೆಗೆದಿಟ್ಟ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಪ್ರಶ್ನೆ: ಹಳೆಯ ಸೆಡಾನ್. ಹೊಂಡದ ರಸ್ತೆಯಲ್ಲಿ ಮುಂದಿನಿಂದ ಟಕ್ ಟಕ್ ಸದ್ದು. ಶಾಕ್ ಅಬ್ಸಾರ್ಬರ್ ಜೋಡಿ ಬದಲಿಸಬೇಕು ಎಂದಿದ್ದಾರೆ. ಸರಿಯೇ?
— ಓದುಗರು, ಕಿನ್ನಿಗೋಳಿ

ಉತ್ತರ: ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಎರಡೂ ಬದಿಯ ಲಿಂಕ್ ಬಿಚ್ಚಿ, ಬಾರ್ ಎಲ್ಲಿಗೂ ತಾಗದ ಹಾಗೆ ಕಟ್ಟಿ, ಅದೇ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ. ಸದ್ದು ನಿಂತರೆ ತಪ್ಪು ಲಿಂಕ್‌ನದ್ದೋ ಬುಷ್‌ನದ್ದೋ, ಶಾಕ್‌ದಲ್ಲ. ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ, ಹಾಗಾಗಿ ಪರೀಕ್ಷೆ ಮುಗಿದ ಕೂಡಲೇ ಲಿಂಕ್ ಮರಳಿ ಹಾಕಿಸಿ.

ಪ್ರಶ್ನೆ: ಸ್ವೇ ಬಾರ್ ಬದಲಿಸಿದರೆ ಆರ್‌ಟಿಒ, ಇನ್ಶೂರೆನ್ಸ್ ತೊಂದರೆ ಆಗುತ್ತದೆಯೇ?
— ಓದುಗರು, ಕದ್ರಿ, ಮಂಗಳೂರು

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡುವುದು ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಹೇಳಿದ್ದಕ್ಕೆ ಹೊಂದುತ್ತವೆಯೇ ಎಂಬುದನ್ನು. ಬಾರ್‌ನ ದಪ್ಪ ಆರ್‌ಸಿಯಲ್ಲಿ ಇರುವುದಿಲ್ಲ. ಆದರೂ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿದೆ. ಹಾಗಾಗಿ ಕೆಲಸಕ್ಕೆ ಮೊದಲೇ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ, ಅವರ ಉತ್ತರವನ್ನು ಪಾಲಿಸಿ ಜೊತೆ ಇಟ್ಟುಕೊಳ್ಳಿ. ವಾರಂಟಿ ಉಳಿದಿದ್ದರೆ ಅದು ಮುಗಿಯುವ ತನಕ ಕಾಯಿರಿ. ಕಳಚಿದ ಹಳೆ ಬಾರನ್ನು ಗುಜರಿಗೆ ಕೊಡಬೇಡಿ. ಎಣ್ಣೆ ಹಚ್ಚಿ, ಗೋಣಿ ಸುತ್ತಿ ಅಟ್ಟದಲ್ಲಿಡಿ. ಕಾರು ಮಾರುವಾಗ ಕೊಳ್ಳುವವರು ಅದನ್ನೇ ಕೇಳಬಹುದು.