ತಗ್ಗಿನ ತೋಟದ ಪಂಪಿಗೆ ಮೊಬೈಲ್ ಸ್ಟಾರ್ಟರ್ ಬಾಳಿಕೆ ಬರುತ್ತದೆಯೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಡಕೆ ತೋಟ. ಮನೆ ಗುಡ್ಡೆಯ ಮೇಲೆ, ಪಂಪ್ ಶೆಡ್ ಕೆಳಗೆ ಕೆರೆಯ ಬದಿಯಲ್ಲಿ. 5 ಎಚ್‌ಪಿ ತ್ರೀ ಫೇಸ್ ಮೋನೋಬ್ಲಾಕ್ (ಮೋಟರು, ಪಂಪು ಒಂದೇ ಜೋಡಣೆಯಾಗಿರುವುದು). ದಿನಕ್ಕೆ ಎರಡು ಮೂರು ಸಲ ಇಳಿದು ಹತ್ತುವುದು ಅಪ್ಪನಿಗೆ ಈಗ ಕಷ್ಟ. ಮೊಬೈಲ್ ಸ್ಟಾರ್ಟರ್ ಹಾಕಿಸಬಹುದೇ? ಯಾವ ಸಿಮ್ ಹಾಕಬೇಕು? ನೆರೆಮನೆಯವರದ್ದು ಒಂದೇ ವರ್ಷದಲ್ಲಿ ಹಾಳಾಯಿತಂತೆ. ಮನೆಯ ಸಿಂಗಲ್ ಫೇಸ್ ಬೋರ್‌ವೆಲ್ಲಿಗೂ ಅದೇ ಆಗುತ್ತದೆಯೇ?

ಉತ್ತರ:

ಹಾಕಿಸಬಹುದು. ಮೊಬೈಲ್ ಸ್ಟಾರ್ಟರ್ ಎಂದರೆ ಸಿಮ್ ಹಾಕಿದ ಒಂದು ಪೆಟ್ಟಿಗೆ, ಅದಕ್ಕೆ ಕರೆಯನ್ನೋ ಎಸ್‌ಎಂಎಸ್ಸನ್ನೋ ಕೊಟ್ಟು ಪಂಪನ್ನು ದೂರದಿಂದಲೇ ಹೊರಡಿಸಬಹುದು, ನಿಲ್ಲಿಸಬಹುದು. ಆದರೆ ಯಾವ ಕಂಪನಿಯದ್ದು ಎಂದು ಹುಡುಕುವ ಮೊದಲು ಮೂರು ಸಂಗತಿ ನೋಡಿ: ಶೆಡ್ಡಿನಲ್ಲಿ ರೇಂಜ್ ಇದೆಯೇ, ಫುಟ್ ವಾಲ್ವ್ (ನೀರಿನೊಳಗಿರುವ ಪೈಪಿನ ತುದಿಯ ಕವಾಟ) ನೀರು ಹಿಡಿದಿಡುತ್ತದೆಯೇ, ಅರ್ಥಿಂಗ್ ಸರಿ ಇದೆಯೇ. ಈ ಸ್ಟಾರ್ಟರುಗಳು ಕೆಡುವುದು ಹೆಚ್ಚಾಗಿ ಇವುಗಳಿಂದ, ಪೆಟ್ಟಿಗೆಯ ಮೇಲಿನ ಹೆಸರಿನಿಂದಲ್ಲ.

ರೇಂಜಿನ ವಿಷಯದಲ್ಲಿ ಮೋಸಹೋಗುವುದು ಸುಲಭ. ನಿಮ್ಮ ಫೋನಿನಲ್ಲಿ 4ಜಿ ಮೂರು ಕಡ್ಡಿ ತೋರಿಸುತ್ತಿರಬಹುದು, ಆದರೆ ಮಾರುಕಟ್ಟೆಯಲ್ಲಿರುವ ಅಗ್ಗದ ಸ್ಟಾರ್ಟರುಗಳ ಒಳಗಿರುವುದು 2ಜಿ ಮಾಡ್ಯೂಲ್. ಅದು ಹುಡುಕುವುದು 2ಜಿ ಸಿಗ್ನಲನ್ನೇ. ಜಿಯೋಗೆ 2ಜಿ ಇಲ್ಲದ ಕಾರಣ ಅದರ ಸಿಮ್ ಇವಕ್ಕೆ ಆಗುವುದಿಲ್ಲ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಪೈಕಿ ಯಾವುದರ ಟವರು ನಿಮ್ಮ ಬೈಲಿಗೆ ಮುಖ ಮಾಡಿದೆಯೋ ಅದೇ ಒಳ್ಳೆಯ ಸಿಮ್. ತಿಳಿಯಲು ಖರ್ಚಿಲ್ಲದ ದಾರಿಯಿದೆ: 2ಜಿ ಮಾತ್ರ ಹಿಡಿಯುವ ಹಳೆಯ ಕೀಪ್ಯಾಡ್ ಫೋನಿಗೆ ಆ ಸಿಮ್ ಹಾಕಿ, ಶೆಡ್ಡಿನಲ್ಲಿ ಸ್ಟಾರ್ಟರ್ ಕೂರಿಸುವ ಜಾಗದಲ್ಲೇ ಒಂದು ಇಡೀ ದಿನ ಬಿಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮನೆಯಿಂದ ಕರೆ ಮಾಡಿ ನೋಡಿ. ಹತ್ತರಲ್ಲಿ ಎರಡು ಕರೆ ತಪ್ಪಿದರೂ ಆಂಟೆನಾ ಮೇಲಕ್ಕೆ ಏರಿಸಬೇಕೆಂದೇ ಅರ್ಥ. 4ಜಿ ಮಾಡ್ಯೂಲಿನ ಸ್ಟಾರ್ಟರೂ ಸಿಗುತ್ತದೆ. ಅದನ್ನು ಕೊಳ್ಳುವುದಾದರೆ ವೋಲ್ಟೀ ಕರೆ (4ಜಿ ಮೂಲಕವೇ ಬರುವ ಕರೆ) ಹಿಡಿಯುತ್ತದೆಯೇ ಎಂದು ಕೇಳಿ. ಇಲ್ಲವಾದರೆ 4ಜಿಯಲ್ಲಿ ಆ್ಯಪ್ ನಡೆಯುತ್ತದೆ, ಕರೆ ನಡೆಯುವುದಿಲ್ಲ. ಅಪ್ಪನಂಥವರಿಗೆ ಆ್ಯಪಿಗಿಂತ ಮಿಸ್ ಕಾಲೇ ಸುಲಭ ಎಂಬುದು ನನ್ನ ಅಭಿಪ್ರಾಯ.

ಆಂಟೆನಾ ವಿಷಯದಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಅದನ್ನು ತಗಡಿನ ಪ್ಯಾನೆಲ್ ಪೆಟ್ಟಿಗೆಯ ಒಳಗೇ ಬಿಡುವುದು. ಇನ್ನೊಂದು, ರೇಂಜ್ ಸಿಗಲಿ ಎಂದು 10 ಮೀಟರ್ ತೆಳು ಕೇಬಲ್ ಎಳೆಯುವುದು. ಪೆಟ್ಟಿಗೆಯ ಜೊತೆ ಬರುವ ಬಳಪದಷ್ಟೂ ದಪ್ಪವಿಲ್ಲದ ಆ ಕೇಬಲಿನಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ನಷ್ಟ. 3 ಮೀಟರಿಗೆ ಸಿಗ್ನಲಿನ ಶಕ್ತಿ ಅರ್ಧ, 10 ಮೀಟರಿಗೆ ಹತ್ತರಲ್ಲೊಂದು ಪಾಲು. ಹಾಗಾಗಿ 3 ಮೀಟರ್ ಒಳಗೆ ಮುಗಿಸಿ, ಶೆಡ್ಡಿನ ಮಾಡಿನ ಮೇಲಕ್ಕೆ ತನ್ನಿ. ಅಲ್ಲೂ ಸಿಗದಿದ್ದರೆ ದಪ್ಪ ಕೇಬಲ್ ಹಾಕಿ, ಟವರಿನ ದಿಕ್ಕಿಗೆ ತಿರುಗಿಸುವ ಯಾಗಿ ಆಂಟೆನಾ ಬಳಸಿ. ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರಿಗೆ ಕೈಹಾಕಬೇಡಿ. ಅನುಮತಿ ಇಲ್ಲದೆ ಅದನ್ನು ಇಡುವುದೇ ಕಾನೂನುಬಾಹಿರ, ಮೇಲಾಗಿ ಅದು ಅಕ್ಕಪಕ್ಕದವರ ಫೋನನ್ನೂ ಕೆಡಿಸುತ್ತದೆ.

ಕೇರಳ-ಕರ್ನಾಟಕ ಗಡಿಯಲ್ಲಿ ಇನ್ನೊಂದು ಕಿರಿಕಿರಿ. ಅಡ್ಕಸ್ಥಳದ ಕಡೆ ತೋಟವಿದ್ದರೆ ಸಿಮ್ ಒಮ್ಮೆ ಕೇರಳದ ಟವರು, ಒಮ್ಮೆ ಕರ್ನಾಟಕದ್ದು ಎಂದು ಹಾರುತ್ತಿರುತ್ತದೆ. ರೋಮಿಂಗ್ ಶುಲ್ಕದ ಭಯ ಈಗಿಲ್ಲ, ಆದರೆ ದಾಟಿದಾಗಲೆಲ್ಲ ಸ್ವಾಗತದ ಎಸ್‌ಎಂಎಸ್ ಬಂದು ಬೀಳುತ್ತದೆ. ಸಿಮ್ಮಿನಲ್ಲಿ ಹಿಡಿಯುವುದು ಕೆಲವೇ ಡಜನ್ ಎಸ್‌ಎಂಎಸ್. ಅದು ತುಂಬಿದ ಮೇಲೆ ನಿಮ್ಮ ಆಜ್ಞೆಯ ಎಸ್‌ಎಂಎಸ್ ಒಳಗೇ ಹೋಗುವುದಿಲ್ಲ, ನೀವು ಪೆಟ್ಟಿಗೆ ಹಾಳಾಯಿತು ಎಂದುಕೊಳ್ಳುತ್ತೀರಿ. ಬಂದ ಎಸ್‌ಎಂಎಸ್ಸನ್ನು ತಾನೇ ಅಳಿಸುವ ಪೆಟ್ಟಿಗೆಯನ್ನೇ ಕೇಳಿ ಕೊಳ್ಳಿ. ಸಿಮ್ ಹಾಕುವ ಮೊದಲು ಅದನ್ನು ಫೋನಿಗೆ ಹಾಕಿ ಪಿನ್ ಲಾಕ್ ತೆಗೆಯಿರಿ, ಕಾಲ್ ಫಾರ್ವರ್ಡ್ ರದ್ದು ಮಾಡಿ, ಹಳೆ ಎಸ್‌ಎಂಎಸ್ ಅಳಿಸಿ, ಜಾಹೀರಾತು ಕರೆ ನಿಲ್ಲಿಸಲು 1909ಕ್ಕೆ ಹೇಳಿ. ಪೆಟ್ಟಿಗೆಯಲ್ಲಿ ಮನೆಯವರ ನಂಬರುಗಳನ್ನು ಮಾತ್ರ ನೋಂದಾಯಿಸಿ, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ. ಇಲ್ಲದಿದ್ದರೆ ಸಾಲ ಬೇಕೇ ಎಂದು ಕೇಳುವವರ ಕರೆಗೂ ಮೋಟರು ಹೊರಡುತ್ತದೆ.

ರೀಚಾರ್ಜ್ ಮರೆಯುವುದು ಮಳೆಗಾಲದಲ್ಲಿ. ಜೂನ್‌ನಿಂದ ನವೆಂಬರ್ ತನಕ ಪಂಪಿಗೆ ಕೆಲಸವಿಲ್ಲ, ಸಿಮ್ ನೆನಪಿಗೇ ಬರುವುದಿಲ್ಲ. 90 ದಿನ ಬಳಕೆಯಿಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಿ ಮುಂದೆ ಬೇರೆಯವರಿಗೆ ಕೊಡಬಹುದು. ಡಿಸೆಂಬರಿನಲ್ಲಿ ನೀವು ಪಂಪಿಗೆ ಮಿಸ್ ಕಾಲ್ ಕೊಟ್ಟರೆ ಯಾರೋ ಅಪರಿಚಿತರು ತಿರುಗಿ ಕರೆ ಮಾಡುತ್ತಾರೆ. ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅದರಲ್ಲಿ ದೀರ್ಘಾವಧಿಯದ್ದನ್ನು ಹಾಕಿಬಿಡಿ.

ಇನ್ನು ವೈರಿಂಗ್. ನಿಮ್ಮ ಈಗಿನ ಸ್ಟಾರ್ಟರ್ ಹಿಡಿಕೆ ಎಳೆಯುವ ಹಳೆಯ ಕಾಲದ್ದಾದರೆ ಅದಕ್ಕೆ ಮೊಬೈಲ್ ಪೆಟ್ಟಿಗೆ ಸೇರಿಸಲಾಗದು, ಕಾಂಟ್ಯಾಕ್ಟರ್ (ಕರೆಂಟಿನಿಂದಲೇ ಸೇರಿ ಬಿಡುವ ಸ್ವಿಚ್) ಇರುವ ಸ್ಟಾರ್ಟರ್ ಬೇಕು. ಹಸಿರು, ಕೆಂಪು ಬಟನಿನದ್ದಾದರೆ ಕೆಲಸ ಸರಳ: ಪೆಟ್ಟಿಗೆಯ ಸ್ಟಾರ್ಟ್ ರಿಲೇಯನ್ನು ಹಸಿರು ಬಟನಿಗೆ ಪ್ಯಾರಲಲ್ ಆಗಿ, ಸ್ಟಾಪ್ ರಿಲೇಯನ್ನು ಕೆಂಪು ಬಟನಿನ ಸೀರೀಸಿನಲ್ಲಿ ಕೊಡುತ್ತಾರೆ. ಮೂರೂ ಫೇಸಿನಿಂದ ವೋಲ್ಟೇಜ್ ನೋಡಲು ತಂತಿ ಹೋಗುತ್ತದೆ, ಒಂದು ಫೇಸಿನ ತಂತಿ ಆಂಪಿಯರ್ ಅಳೆಯುವ ಸಿಟಿ ಎಂಬ ಉಂಗುರದೊಳಗೆ ಹಾದುಹೋಗುತ್ತದೆ. ಈಗಿರುವ ಓವರ್‌ಲೋಡ್ ರಿಲೇಯನ್ನು ಕಿತ್ತು ಹಾಕಲು ಬಿಡಬೇಡಿ. ಮತ್ತು ಒಂದು ಆಟೋ/ಮ್ಯಾನುಯಲ್ ಸೆಲೆಕ್ಟರ್ ಸ್ವಿಚ್ ಕಡ್ಡಾಯವಾಗಿ ಹಾಕಿಸಿ. ಕೆಳಗೆ ಒಬ್ಬರು ಪಂಪಿನ ಗ್ಲ್ಯಾಂಡ್ ಬಿಗಿ ಮಾಡುತ್ತಿರುವಾಗ ಮೇಲಿನಿಂದ ಯಾರಾದರೂ ಮಿಸ್ ಕಾಲ್ ಕೊಟ್ಟರೆ ಕೈ ಹೋಗುತ್ತದೆ. ರಿಪೇರಿಗೆ ಇಳಿದವರು ಮೊದಲು ಮೈನ್ ಸ್ವಿಚ್ ತೆಗೆಯಬೇಕು, ಸೆಲೆಕ್ಟರನ್ನು ಮ್ಯಾನುಯಲಿಗೆ ತಿರುಗಿಸಬೇಕು. ಇದು ಮನೆಯವರಿಗೆಲ್ಲ, ಕೆಲಸದವರಿಗೆಲ್ಲ ಗೊತ್ತಿರಲಿ.

ಈಗ ಮುಖ್ಯ ಮಾತು. ಪಂಪ್ ಆನ್ ಆಗಿದೆ ಎಂದು ಎಸ್‌ಎಂಎಸ್ ಬಂದರೆ ಮೋಟರು ತಿರುಗುತ್ತಿದೆ ಎಂದಷ್ಟೇ ಅರ್ಥ, ನೀರು ಬರುತ್ತಿದೆ ಎಂದಲ್ಲ. ಮೋನೋಬ್ಲಾಕಿನಲ್ಲಿ ಫುಟ್ ವಾಲ್ವಿಗೆ ಒಂದು ಅಡಕೆ ಸಿಪ್ಪೆ ಸಿಕ್ಕಿದರೂ ಸಾಕು, ರಾತ್ರಿ ಕಳೆಯುವಷ್ಟರಲ್ಲಿ ಪೈಪಿನ ನೀರು ಇಳಿದಿರುತ್ತದೆ. ಬೆಳಿಗ್ಗೆ ಫೋನಿನಲ್ಲಿ ಸ್ಟಾರ್ಟ್ ಮಾಡಿದರೆ ಪಂಪು ಒಣಗಿ ತಿರುಗಿ ಸೀಲ್ ಸುಡುತ್ತದೆ. ಆದ್ದರಿಂದ ಪೆಟ್ಟಿಗೆ ತರುವ ಮೊದಲು ಫುಟ್ ವಾಲ್ವ್ ಬದಲಿಸಿ, ಜಾಲರಿ ಹಾಕಿ, ಎರಡು ದಿನ ನಿಲ್ಲಿಸಿಟ್ಟರೂ ಪ್ರೈಮ್ ಮಾಡದೆ (ಪಂಪಿಗೆ ನೀರು ತುಂಬಿಸದೆ) ನೀರೆತ್ತುತ್ತದೆಯೇ ನೋಡಿ.

ಆಮೇಲೆ ಆಂಪಿಯರ್ ಓದಲು ಕಲಿಯಿರಿ. 5 ಎಚ್‌ಪಿ ಮೋಟರು 415 ವೋಲ್ಟಿನಲ್ಲಿ ಪೂರ್ಣ ಹೊರೆಗೆ ಸುಮಾರು 7ರಿಂದ 7.5 ಆಂಪಿಯರ್ ಎಳೆಯುತ್ತದೆ. ನಿಮ್ಮದರ ಲೆಕ್ಕ ಪಂಪಿನ ಫಲಕದಲ್ಲಿದೆ. ಎಲ್ಲ ಸರಿ ಇರುವ ದಿನ ಕ್ಲ್ಯಾಂಪ್ ಮೀಟರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ, 7 ಎನ್ನೋಣ. ನೀರಿಲ್ಲದೆ ತಿರುಗುವಾಗ ಅದು ಸೊನ್ನೆಗೆ ಇಳಿಯುವುದಿಲ್ಲ, 4ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನೀರಿಲ್ಲದಾಗ ಪಂಪನ್ನು ನಿಲ್ಲಿಸುವ ಡ್ರೈ ರನ್ ಮಿತಿಯನ್ನು 2ಕ್ಕೋ 3ಕ್ಕೋ ಇಟ್ಟರೆ ಅದು ಯಾವತ್ತೂ ಕೆಲಸ ಮಾಡುವುದಿಲ್ಲ, 4.8ರಿಂದ 5ರ ಮಟ್ಟಕ್ಕೆ ಇಡಬೇಕು. ಓವರ್‌ಲೋಡ್ ಮಿತಿಯನ್ನು ಸಾಮಾನ್ಯ ಓದಿಗಿಂತ ಶೇ. 10-15ರಷ್ಟು ಮೇಲೆ ಇಡಿ. ಹಲವರಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ: ಈ ಜಾತಿಯ ಪಂಪಿನಲ್ಲಿ ಪೈಪು ಒಡೆದು ನೀರು ಸಲೀಸಾಗಿ ಹೋದರೆ ಆಂಪಿಯರ್ ಏರುತ್ತದೆ, ಗೇಟ್ ವಾಲ್ವ್ ಮುಚ್ಚಿದ್ದರೆ ಅಥವಾ ಜಾಲರಿಗೆ ಎಲೆ ಕಟ್ಟಿದ್ದರೆ ಇಳಿಯುತ್ತದೆ. ಮನೆಯಲ್ಲೇ ಕೂತು 7.9 ಎಂಬ ಎಸ್‌ಎಂಎಸ್ ನೋಡಿದರೆ ಎಲ್ಲೋ ಪೈಪು ಬಿಟ್ಟಿದೆ ಎಂದೂ, 6 ನೋಡಿದರೆ ಜಾಲರಿ ತೊಳೆಯಬೇಕೆಂದೂ ಊಹಿಸಬಹುದು. ವೋಲ್ಟೇಜನ್ನೂ ಜೊತೆಗೇ ಓದಬೇಕು, ಬೇಸಗೆಯ ಸಂಜೆ ಲೈನ್ ಕುಸಿದರೂ ಆಂಪಿಯರ್ ಏರುತ್ತದೆ. ಲೈನ್ ಕೆಲಸ ನಡೆದ ಮರುದಿನ ನೀರು ಅರ್ಧಕ್ಕೆ ಇಳಿದಿದ್ದರೆ ಎರಡು ಫೇಸ್ ಅದಲುಬದಲಾಗಿ ಮೋಟರು ತಿರುವುಮುರುವಾಗಿ ತಿರುಗುತ್ತಿರಬಹುದು. ಫೇಸ್ ರಿವರ್ಸ್ ಗುರುತಿಸುವ ಪೆಟ್ಟಿಗೆ ಆಗ ಸ್ಟಾರ್ಟೇ ಮಾಡುವುದಿಲ್ಲ. ಒಂದು ಫೇಸ್ ಹೋದಾಗ ನಿಲ್ಲಿಸುವ ಸೌಲಭ್ಯ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ. ವೈಂಡಿಂಗ್ ಉಳಿಸುವುದು ಅದೇ.

ನಿಲ್ಲಿಸುವುದನ್ನು ನೆನಪಿಗೆ ಬಿಡದೆ ಟೈಮರಿಗೆ ಬಿಡಿ. ಅಡಕೆಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವುದು ಮರವೊಂದಕ್ಕೆ ಒಂದು ಸಲಕ್ಕೆ 175ರಿಂದ 200 ಲೀಟರ್, ಮಾರ್ಚಿನಿಂದ ಮೇ ತನಕ 3ರಿಂದ 5 ದಿನಕ್ಕೊಮ್ಮೆ. ಗಂಟೆಗೆ 15,000 ಲೀಟರ್ ಕೊಡುವ ಪಂಪಾದರೆ 300 ಮರಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ. ಗುಡ್ಡ ಕೊರೆದ ಸುರಂಗದ ನೀರು ಕೆರೆಗೆ ಬಿದ್ದು ತುಂಬುವ ತೋಟಗಳಲ್ಲಿ ಏಪ್ರಿಲಿಗೆ ಅಷ್ಟು ಹೊತ್ತು ಒಟ್ಟಿಗೆ ಸಿಗುವುದಿಲ್ಲ. ಅಲ್ಲಿ 40 ನಿಮಿಷ ಓಡಿ ಮೂರು ಗಂಟೆ ನಿಲ್ಲುವ ಸೈಕ್ಲಿಕ್ ಟೈಮರ್ ನಿಜವಾದ ಉಪಕಾರ. ಆದರೆ ಸ್ಪ್ರಿಂಕ್ಲರ್ ಲೈನ್ ಬದಲಿಸಲು ಗೇಟ್ ವಾಲ್ವ್ ತಿರುಗಿಸುವವರು ಬೇಕೇ ಬೇಕು, ಅಪ್ಪನ ಇಳಿದು ಹತ್ತುವ ಕೆಲಸ ಪೂರ್ತಿ ತಪ್ಪುವುದಿಲ್ಲ. ದಿನಕ್ಕೆ ಒಂದೇ ಲೈನ್ ಎಂದು ಇಟ್ಟುಕೊಂಡರೆ ಒಂದು ಸಲ ಇಳಿದರೆ ಸಾಕಾದೀತು.

ನೆರೆಮನೆಯವರದ್ದು ಹಾಳಾದದ್ದು ಬಹುಶಃ ಸಿಡಿಲಿಗೆ. ಏಪ್ರಿಲ್-ಮೇ ತಿಂಗಳ ಗುಡುಗು ಮತ್ತು ಅಕ್ಟೋಬರಿನ ಸಂಜೆ ಮಳೆ, ಎರಡೂ ಕಾಲದಲ್ಲಿ ಲೈನಿನಲ್ಲಿ ಸರ್ಜ್ (ವೋಲ್ಟೇಜಿನ ಹಠಾತ್ ಏರಿಕೆ) ಬರುತ್ತದೆ. ಮೋಟರು ತಡೆದುಕೊಳ್ಳುತ್ತದೆ, ಎಲೆಕ್ಟ್ರಾನಿಕ್ ಬೋರ್ಡ್ ತಡೆದುಕೊಳ್ಳುವುದಿಲ್ಲ. ಸರ್ಜ್ ಪ್ರೊಟೆಕ್ಟರನ್ನು ಪ್ಯಾನೆಲಿನಲ್ಲೇ ಹಾಕಿ, ಅದಕ್ಕೆ ಜೋಡಿಸುವ ತಂತಿಗಳು ಒಟ್ಟು ಅರ್ಧ ಮೀಟರಿಗಿಂತ ಗಿಡ್ಡವಾಗಿರಲಿ. ಅರ್ಥಿಂಗ್ ಗುಂಡಿ ಮುರಕಲ್ಲಿನ ಒಣ ಬದಿಯಲ್ಲಿದ್ದರೆ ಬೇಸಗೆಯಲ್ಲಿ ಅದು ಇದ್ದೂ ಇಲ್ಲದ ಹಾಗೆ. ಕೆರೆಯ ಬದಿಯ ಹಸಿ ಮಣ್ಣಿನಲ್ಲಿ 2.5 ಮೀಟರ್ ಜಿಐ ಪೈಪ್ ಇಳಿಸಿ, ಅಳೆದರೆ 5 ಓಮಿಗಿಂತ ಕಡಿಮೆ ಬರುವ ಹಾಗೆ ನೋಡಿಕೊಳ್ಳಿ. ರೇಂಜ್ ಸಿಗಲೆಂದು ಆಂಟೆನಾವನ್ನು ಅಡಕೆ ಮರದ ತುದಿಗೆ ಕಟ್ಟುವುದು ಬೇಡ. ಮಳೆಗಾಲ ಶುರುವಾದ ಮೇಲೆ ಮೈನ್ ತೆಗೆದು ಪೆಟ್ಟಿಗೆಯನ್ನೇ ಬಿಚ್ಚಿ ಮನೆಗೆ ತಂದಿಟ್ಟರೆ ಇನ್ನೂ ಒಳ್ಳೆಯದು. ಸಿಮ್ಮನ್ನು ಯಾವುದಾದರೂ ಫೋನಿಗೆ ಹಾಕಿಟ್ಟು ಆಗಾಗ ಒಂದು ಕರೆ ಮಾಡುತ್ತಿರಿ.

ಎಲ್ಲೂ ರೇಂಜ್ ಸಿಗದ ತಗ್ಗಾದರೆ ಸಿಮ್ ಬೇಡದ ಲೋರಾ ರೇಡಿಯೋ ಜೋಡಿ ನೋಡಿ. 865ರಿಂದ 867 ಮೆಗಾಹರ್ಟ್ಸಿನಲ್ಲಿ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಒಂದು ಶೆಡ್ಡಿನಲ್ಲಿ, ಇನ್ನೊಂದು ಮನೆಯಲ್ಲಿ, ನಡುವೆ ಗುಡ್ಡೆ ಅಡ್ಡ ಬರದಿದ್ದರೆ ಒಂದು ಕಿಲೋಮೀಟರ್ ಸುಲಭವಾಗಿ ಮುಟ್ಟುತ್ತದೆ. ತಿಂಗಳ ರೀಚಾರ್ಜೂ ಇಲ್ಲ. ನಿಮ್ಮ ಮನೆಯಿಂದ ಶೆಡ್ಡಿನ ಮಾಡು ಕಾಣುತ್ತದೆಯಾದರೆ ನಾನು ಇದನ್ನೇ ಮೊದಲು ಯೋಚಿಸುತ್ತಿದ್ದೆ.

ಕರೆಂಟು ಬಂದಾಗ ತಾನೇ ಹೊರಡುವ ಆಟೋ ಸ್ಟಾರ್ಟ್ ಸೌಲಭ್ಯಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಗಡಿಯಾಚೆ ಕರ್ನಾಟಕದಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೆಲವೇ ಗಂಟೆ ಬರುವುದರಿಂದ ಅವರಿಗೆ ಅದು ಬೇಕು, ನಮ್ಮಲ್ಲಿ ಅಷ್ಟಿಲ್ಲ. ಹಾಕಿದರೂ ಕರೆಂಟು ಬಂದು ಒಂದೆರಡು ನಿಮಿಷದ ಬಳಿಕ ಹೊರಡುವಂತೆ ಇಡಿ. ಒಂದೇ ಟ್ರಾನ್ಸ್‌ಫಾರ್ಮರಿನ ಪಂಪುಗಳೆಲ್ಲ ಒಟ್ಟಿಗೆ ಹೊರಟರೆ ವೋಲ್ಟೇಜ್ ಬಿದ್ದು ಯಾವುದೂ ಏಳುವುದಿಲ್ಲ.

ಮನೆಯ ಸಿಂಗಲ್ ಫೇಸ್ ಬೋರ್‌ವೆಲ್ಲಿಗೆ ಅದೇ ಪೆಟ್ಟಿಗೆ ಆಗುವುದಿಲ್ಲ. ಅದರ ಪ್ಯಾನೆಲಿನಲ್ಲಿ ಬಟನ್ ಒತ್ತಿ ಹಿಡಿದ ಎರಡು ಮೂರು ಸೆಕೆಂಡು ಮಾತ್ರ ಸ್ಟಾರ್ಟ್ ಕೆಪಾಸಿಟರ್ ಸೇರಿಕೊಳ್ಳುತ್ತದೆ. ಆಗಿನ ಕರೆಂಟಿನ ಝಟಕಾ ಪೆಟ್ಟಿಗೆಯ ಸಣ್ಣ ರಿಲೇಯ ಮೂಲಕ ಹಾದರೆ ರಿಲೇ ಅಂಟಿಕೊಳ್ಳುತ್ತದೆ, ಕೆಪಾಸಿಟರ್ ಬಿಡದೆ ಸುಟ್ಟು ಒಡೆಯುತ್ತದೆ. ಸಿಂಗಲ್ ಫೇಸಿನದ್ದೆಂದೇ ಬರುವ, ಸ್ಟಾರ್ಟಿನ ಸೆಕೆಂಡು ಹೊಂದಿಸಬಹುದಾದ ಮಾದರಿ ಕೇಳಿ, ಕೆಪಾಸಿಟರಿಗೂ ಮೋಟರಿಗೂ ಬೇರೆ ಬೇರೆ ಕಾಂಟ್ಯಾಕ್ಟರ್ ಹಾಕಿಸಿ.