ಎದೆಗಿಂತ ಮೊದಲು ಪಾದ: ಆನ್‌ಲೈನ್ ಆಪ್ತಸಲಹೆಯ ಒಂದು ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಮನೆಯ ಮತ್ತು ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅಂಕೋಲಾ ತಾಲ್ಲೂಕಿನ ಹಳ್ಳಿಯೊಂದರ ಶಿಕ್ಷಕಿಯೊಬ್ಬರು 2025ರ ಜೂನ್‌ನಲ್ಲಿ ಆಪ್ತಸಲಹೆಗೆಂದು ನನ್ನನ್ನು ಸಂಪರ್ಕಿಸಿದರು. ನಾನಿರುವುದು ಶಿರಸಿಯಲ್ಲಿ, ಘಟ್ಟ ಹತ್ತಿ ಬರುವುದು ಅವರಿಂದಾಗದ ಮಾತಾಗಿತ್ತು, ಏಕೆಂದರೆ ತೊಂದರೆಯ ಮೂಲವೇ ಗುಡ್ಡದ ಬದಿಯ ರಸ್ತೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಗಿ, ಮಣ್ಣು ಗಂಗಾವಳಿ ನದಿಗೂ ಜಾರಿ ಜೀವಹಾನಿಯಾದದ್ದು ಎಲ್ಲರಿಗೂ ಗೊತ್ತಿದೆ. ಇವರು ಅದರ ಹಿಂದಿನ ಸಂಜೆ ಅದೇ ಜಾಗವನ್ನು ಬಸ್ಸಿನಲ್ಲಿ ದಾಟಿ ಮನೆ ಸೇರಿದ್ದರು. ಮರುವರ್ಷ ಮಳೆ ಹಿಡಿದದ್ದೇ ತಡ, ಹಂಚಿನ ಮೇಲೆ ಹನಿ ಜೋರಾದರೆ ಕೈ ತಣ್ಣಗಾಗುವುದು, ರಾತ್ರಿ ಎರಡರ ನಂತರ ನಿದ್ದೆ ಬಾರದಿರುವುದು, ಕಡಿದ ಗುಡ್ಡ ಕಂಡೊಡನೆ ಬಸ್ಸಿನಿಂದ ಇಳಿದುಬಿಡುವುದು ಶುರುವಾಯಿತು.

"ಎದೆ ಹಿಡಿದಂಗೆ ಆಗ್ತದೆ ಮೇಡಂ. ಆದ್ರೆ ನಂಗೇನೂ ಆಗ್ಲಿಲ್ಲವಲ್ಲ, ಮನೆಯವರನ್ನ ಕಳಕೊಂಡವರ ಮುಂದೆ ನಂದೇನು ದೊಡ್ಡದು?" ಎಂದು ಅವರು ಮೊದಲ ದಿನ ಕೇಳಿದರು. ಹೆದರಿಕೆಗಿಂತ ಈ ನಾಚಿಕೆಯೇ ಅವರನ್ನು ಇಷ್ಟು ದಿನ ಬಾಯಿ ಬಿಡದಂತೆ ಮಾಡಿತ್ತು. ಅಪಾಯವನ್ನು ಕೂದಲೆಳೆಯಲ್ಲಿ ದಾಟಿದವರ ದೇಹವೂ ಆ ಅಪಾಯವನ್ನು ನೆನಪಿಟ್ಟುಕೊಳ್ಳುತ್ತದೆ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ ಎಂದು ಹೇಳಿದೆ. ಎದೆಯ ತೊಂದರೆಯನ್ನು ಮನಸ್ಸಿನದೆಂದು ಮೊದಲೇ ತೀರ್ಮಾನಿಸುವುದು ಸರಿಯಲ್ಲವಾದ್ದರಿಂದ ಇಸಿಜಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲು ತಿಳಿಸಿದೆ. ಮೂರೂ ಸರಿಯಾಗಿದ್ದವು.

ಅವರ ಮನೆಯಲ್ಲಿ ವಿಡಿಯೊ ಕರೆಗೆ ನೆಟ್‌ವರ್ಕ್ ಸಿಗುವುದು ಮೆತ್ತಿಯ (ಮಹಡಿಯ) ಮೇಲೆ ಮಾತ್ರ, ಅದೂ ಕರೆಂಟು ಇರುವಷ್ಟು ಹೊತ್ತು. ಆದ್ದರಿಂದ ಮೊದಲ ಭೇಟಿಯಲ್ಲೇ ಮನೆಯ ವಿಳಾಸ, ಹತ್ತಿರದ ಆಸ್ಪತ್ರೆ ಮತ್ತು ಅತ್ತೆಯವರ ಫೋನ್ ಸಂಖ್ಯೆಯನ್ನು ಬರೆದುಕೊಂಡಿದ್ದೆ. ಆದರೆ ವಿಡಿಯೊ ಕಡಿದರೆ ಅವರೇನು ಮಾಡಬೇಕು, ನಾನೇನು ಮಾಡಬೇಕು ಎಂಬುದನ್ನು ಮಾತಾಡಿಕೊಳ್ಳದೆ ಎರಡನೇ ಭೇಟಿಗೆ ಹೋದೆ. ಅಂದು ಕಣ್ಣು ಮುಚ್ಚಿ ಎದೆಯ ಬಿಗಿತವನ್ನು ಗಮನಿಸಲು ಹೇಳಿದೆ. ಅರ್ಧ ನಿಮಿಷದಲ್ಲಿ ಅವರ ಮುಖ ಬಿಳಿಚಿತು, ಉಸಿರು ಏರಿತು, ಆ ಹೊತ್ತಿಗೇ ಚಿತ್ರ ನಿಂತುಹೋಯಿತು. ಅತ್ತೆಯವರ ಫೋನಿನ ಮೂಲಕ ಅವರನ್ನು ತಲುಪಲು ನನಗೆ ನಾಲ್ಕು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಅವರು ತಮ್ಮ ಎದೆಬಡಿತವೊಂದನ್ನೇ ಕೇಳುತ್ತ ಒಬ್ಬರೇ ಕುಳಿತಿದ್ದರು. ಎದುರು ಕುಳಿತಿದ್ದರೆ ನಾನು ಕುರ್ಚಿ ಸರಿಸಿಯೋ ನೀರು ಕೊಟ್ಟೋ ಸಂಭಾಳಿಸುತ್ತಿದ್ದೆ. ಪರದೆಯ ಮೂಲಕ ಅದು ಸಾಧ್ಯವಿಲ್ಲ. ಹೊರಬರುವ ದಾರಿ ಕೈಯಲ್ಲಿಲ್ಲದವರನ್ನು ಅವರ ಹೆದರಿಕೆಯ ಕೇಂದ್ರಕ್ಕೇ ಕಳಿಸಿದ್ದು ನನ್ನ ತಪ್ಪು. ಹಾಗೆಂದು ಅವರಿಗೆ ನೇರವಾಗಿ ಹೇಳಿ ಕ್ಷಮೆ ಕೇಳಿದೆ.

ಮೂರನೇ ಭೇಟಿಯಿಂದ ಕ್ರಮ ಬದಲಾಯಿತು. ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ, ಮೊಣಕಾಲಿನವರೆಗೂ ನನಗೆ ಕಾಣುವಷ್ಟು ದೂರ ಇಟ್ಟರು. ಕಣ್ಣು ತೆರೆದೇ ಇರಬೇಕು. ಎದೆಯ ಸುದ್ದಿಯೇ ಬೇಡ. ಮೊದಲು ಕುತ್ತಿಗೆಯನ್ನು ನಿಧಾನವಾಗಿ ತಿರುಗಿಸಿ ಮೆತ್ತಿಯ ನಾಲ್ಕು ಮೂಲೆಗಳನ್ನೂ ನೋಡುವುದು, ಆಮೇಲೆ ಪಾದ. "ಎಡ ಹಿಮ್ಮಡಿ ತಣ್ಣಗಿದೆ, ಬಲಪಾದದ ಕೆಳಗೆ ಹಲಗೆಯ ಸಂದು ತಾಗ್ತದೆ" ಎಂದರು. ನಂತರ ಎದ್ದು ನಿಂತು ಬಾಗಿಲ ಚೌಕಟ್ಟನ್ನು ಎರಡೂ ಅಂಗೈಯಿಂದ ಹತ್ತೆಣಿಕೆ ಒತ್ತಿ ಬಿಟ್ಟಾಗ, ಕಿವಿಯತ್ತ ಏರಿದ್ದ ಅವರ ಭುಜಗಳು ಇಳಿದದ್ದು ನನಗೂ ಕಂಡಿತು. ಎದೆಯ ಬಿಗಿತವನ್ನು ಮುಟ್ಟಿದ್ದು ಐದನೇ ಭೇಟಿಯಲ್ಲಿ. ಅದೂ ಎರಡು ಮೂರು ಉಸಿರಿನಷ್ಟು ಹೊತ್ತು, ತಕ್ಷಣ ಮತ್ತೆ ಪಾದಕ್ಕೆ. ಹೀಗೆ ಸ್ವಲ್ಪಸ್ವಲ್ಪವಾಗಿ ಹೋಗಿಬರುವ ವಿಧಾನ ಪೀಟರ್ ಲೆವಿನ್ ಅವರ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಪದ್ಧತಿಯದು. ಈ ಪದ್ಧತಿಯ ಬಗ್ಗೆ ಅಧ್ಯಯನಗಳು ಇನ್ನೂ ಕಡಿಮೆ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಚಿಕಿತ್ಸೆ) ಮತ್ತು ಇಎಂಡಿಆರ್‌ (ಕಣ್ಣಿನ ಚಲನೆಯ ನೆರವಿನಿಂದ ಆಘಾತದ ನೆನಪನ್ನು ಹಗುರಗೊಳಿಸುವ ಚಿಕಿತ್ಸೆ)ಗಳಿಗೆ ಹೆಚ್ಚಿನ ಆಧಾರವಿದೆ ಎಂಬುದನ್ನು ಅವರಿಗೆ ಮುಚ್ಚಿಡದೆ ತಿಳಿಸಿ, ಆಯ್ಕೆಯನ್ನು ಅವರಿಗೇ ಬಿಟ್ಟಿದ್ದೆ.

ದಿನದ ಬದುಕಿಗೆ ಬೇಕಾದ ಉಪಾಯಗಳನ್ನು ತೀವ್ರ ಭಾವನೆಗಳನ್ನು ನಿಭಾಯಿಸುವುದನ್ನು ಕಲಿಸುವ, ಮಾರ್ಷಾ ಲಿನೆಹಾನ್ ಅವರ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯಿಂದ ತೆಗೆದುಕೊಂಡೆವು. ಹೆದರಿಕೆ ತುಂಬ ಏರಿದಾಗ ಬಾಗಿ, ಉಸಿರು ಹಿಡಿದು, ಬೋಗುಣಿಯ ತಣ್ಣೀರಿನಲ್ಲಿ 15ರಿಂದ 30 ಸೆಕೆಂಡ್ ಮುಖ ಮುಳುಗಿಸಿದರೆ ಹೃದಯದ ಬಡಿತ ನಿಧಾನವಾಗುತ್ತದೆ. ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಬಸ್ಸಿನಲ್ಲಿ ಬೋಗುಣಿ ಇರುವುದಿಲ್ಲವಾದ್ದರಿಂದ ಅಲ್ಲಿಗೆ, ನಾಲ್ಕೆಣಿಕೆ ಉಸಿರು ಒಳಗೆ, ಆರೇಳೆಣಿಕೆ ಹೊರಗೆ, ಜೊತೆಗೆ ಮುಂದಿನ ಸೀಟಿನ ಸರಳನ್ನು ಒತ್ತಿ ಹಿಡಿಯುವುದು. ಇದನ್ನು ಹೆದರಿಕೆ ಇಲ್ಲದ ಹೊತ್ತಿನಲ್ಲೇ ದಿನಕ್ಕೆರಡು ಬಾರಿ ರೂಢಿ ಮಾಡಿಕೊಳ್ಳಲು ಹೇಳಿದೆ. ಹೊಳೆಗೆ ಬಿದ್ದ ಮೇಲೆ ಈಜು ಕಲಿಯಲಾಗುವುದಿಲ್ಲ.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಗುಡ್ಡದ ಹೆದರಿಕೆ ಬರೀ ಭ್ರಮೆಯಲ್ಲ, ಅದನ್ನು ಪೂರ್ತಿ ತೊಡೆದುಹಾಕುವುದು ಒಳ್ಳೆಯ ಆಪ್ತಸಲಹೆಯೂ ಅಲ್ಲ. ಆದ್ದರಿಂದ ರೆಡ್ ಅಲರ್ಟ್ ಇರುವ ದಿನ ಪ್ರಯಾಣ ಬೇಡ, ಅದು ಸೋಲಲ್ಲ. ಉಳಿದ ದಿನ ಒಂದು ನಿಲ್ದಾಣ, ಮರುವಾರ ಎರಡು ಎಂದು ಬರೆದಿಟ್ಟ ಕ್ರಮದಂತೆ ಹೋಗುವುದು ಎಂದು ನಿರ್ಧರಿಸಿದೆವು. ಮೊದಲೆರಡು ಸಲ ಅತ್ತೆಯವರು ಜೊತೆಗೆ ಹೋದರು. ಆರಂಭದಲ್ಲಿ ದೃಷ್ಟಿ ತೆಗೆದು ನಿವಾಳಿಸಿದವರೂ ಅವರೇ. ಸೊಸೆಗೆ ಅದರಿಂದ ಸಮಾಧಾನವಾಗಿತ್ತು, ನಾನು ಬೇಡವೆನ್ನಲಿಲ್ಲ.

ಇಂಥ ಆನ್‌ಲೈನ್ ಭೇಟಿ ಎಲ್ಲರಿಗೂ ಹೊಂದುವುದಿಲ್ಲ. ಸಾಯುವ ಯೋಚನೆ ಬರುತ್ತಿರುವವರು, ಮನೆಯಲ್ಲೇ ಹಿಂಸೆ ಅನುಭವಿಸುತ್ತಿರುವವರು, ಮಾತಿನ ನಡುವೆ ಎಲ್ಲಿದ್ದೇವೆಂಬ ಅರಿವೇ ತಪ್ಪುವವರು ಮೊದಲು ಮುಖಾಮುಖಿ ಮನೋವೈದ್ಯರನ್ನು ಕಾಣಬೇಕು. ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಶಿಕ್ಷಕಿಯವರ ಫೋನಿನಲ್ಲೂ ಹಾಕಿಸಿದ್ದೆ.

ಹತ್ತು ಭೇಟಿಗಳ ನಂತರ, ಸೆಪ್ಟೆಂಬರ್‌ನಲ್ಲಿ, ಅವರು ಶಾಲೆಯವರೆಗೆ ಒಬ್ಬರೇ ಬಸ್ಸಿನಲ್ಲಿ ಹೋಗತೊಡಗಿದರು. ಗುಡ್ಡದ ಬದಿಯ ಕಿಟಕಿಯಲ್ಲಿ ಈಗಲೂ ಕೂರುವುದಿಲ್ಲ. ಜೋರು ಮಳೆಯ ರಾತ್ರಿ ಎಚ್ಚರವಾಗುತ್ತದೆ, ಆದರೆ ಪಾದ ನೆಲಕ್ಕೂರಿ ಕುಳಿತು ಮತ್ತೆ ಮಲಗುತ್ತಾರೆ. ಮುಂದಿನ ಮುಂಗಾರಿಗೆ ಮೊದಲು, ಮೇ ಕೊನೆಯ ವಾರದಲ್ಲಿ, ಇನ್ನೆರಡು ಭೇಟಿಗಳನ್ನು ಗೊತ್ತುಮಾಡಿಕೊಂಡಿದ್ದೇವೆ.