ಮೀನು ತಿನ್ನದವರಿಗೆ ಕಡಲಕಳೆ ಸಾಕಾ?

ಪ್ರಶ್ನೆ: ನಾವು ಮೀನು, ಮೊಟ್ಟೆ ತಿನ್ನಲ್ಲ. ಮಗಳು ಬೆಂಗಳೂರಿಂದ ನೋರಿ ಅಂತ ಕಪ್ಪು ಹಾಳೆ ಥರದ ಪ್ಯಾಕೆಟ್ ತಂದಿದ್ಲು, ಇದು ಕಡಲಕಳೆ, ಮೀನಲ್ಲಿರೋ ಒಮೆಗಾ-3 ಅನ್ನೋ ಒಳ್ಳೇ ಕೊಬ್ಬು ಇದ್ರಲ್ಲೂ ಇದೆ, ಪರಿಸರಕ್ಕೂ ಒಳ್ಳೇದು, ದಿನಾ ತಿನ್ನಿ ಅಂತಾಳೆ. ನಿಜಾನಾ? ಚೈನಾ ಗ್ರಾಸ್ ಕೂಡ ಕಡಲಕಳೇದೇ ಅಲ್ವಾ, ಅದು ಸಾಲ್ದಾ?
– ಓದುಗರು, ಸಾಗರ

ಉತ್ತರ: ಮಗಳು ಹೇಳಿದ್ದು ಸುಳ್ಳಲ್ಲ ಅಮ್ಮ, ಆದ್ರೆ ಲೆಕ್ಕ ಹಾಕಿದ್ರೆ ಸಿಗೋದು ಚೂರೇ ಚೂರು. ನೋರಿ ಹಾಳೆ ಸುಮಾರು 3 ಗ್ರಾಂ ತೂಗುತ್ತೆ, ಅದ್ರಲ್ಲಿ ಕೊಬ್ಬು ನೂರಕ್ಕೆ ಎರಡೋ ಮೂರೋ ಪಾಲು, ಆ ಕೊಬ್ಬಲ್ಲಿ ಇಪಿಎ ಅನ್ನೋ ಒಮೆಗಾ-3 ಜಾಸ್ತೀನೇ ಇದೆ ಒಪ್ಪೋಣ, ಆದ್ರೂ ಹಾಳೆಗೆ 50 ಮಿಲಿಗ್ರಾಂ ಸಿಗೋದೂ ಕಷ್ಟ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇಪಿಎ, ಡಿಎಚ್‌ಎ ಅನ್ನೋ ಎರಡೂ ಒಮೆಗಾ-3 ಸೇರಿ ದಿನಕ್ಕೆ 250 ಮಿಲಿಗ್ರಾಂ ಸಾಕು ಅನ್ನುತ್ತೆ, ಹಾಳೆ ಎಷ್ಟಾಯ್ತು ನೋಡಿ. ಮಿದುಳು, ಕಣ್ಣಿಗೆ ಬೇಕಾದ ಡಿಎಚ್‌ಎ ಅಂತೂ ಕಡಲಕಳೇಲಿ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಚೈನಾ ಗ್ರಾಸ್ ಬರೀ ನಾರು, ಪುಡ್ಡಿಂಗ್ ಮಾಡ್ಕೊಳ್ಳಿ ಅಷ್ಟೇ.

ಹಾಗಾದ್ರೆ ಬಂಗುಡೆ, ಬೂತಾಯೀಲಿ ಅಷ್ಟೊಂದು ಒಮೆಗಾ-3 ಎಲ್ಲಿಂದ ಬಂತು? ಮೀನು ಅದನ್ನ ತಾನೇ ಮಾಡ್ಕೊಳ್ಳೋದು ಕಮ್ಮಿ, ಸಮುದ್ರದ ನೀರಲ್ಲಿ ತೇಲೋ ಕಣ್ಣಿಗೆ ಕಾಣದ ಸೂಕ್ಷ್ಮಪಾಚಿ ತಯಾರಿಸುತ್ತೆ, ಅದನ್ನ ಸಣ್ಣ ಜೀವಿ ತಿನ್ನುತ್ತೆ, ಆಮೇಲೆ ಮೀನಿಗೆ. ಈಗ ಸ್ಕೈಜೋಕೈಟ್ರಿಯಂ ಅನ್ನೋ ಅಂಥದ್ದೇ ಸೂಕ್ಷ್ಮಜೀವೀನ ಟ್ಯಾಂಕಲ್ಲಿ ಸಕ್ಕರೆ ಕೊಟ್ಟು ಬೆಳೆಸಿ ನೇರವಾಗಿ ಎಣ್ಣೆ ತೆಗೀತಾರೆ, ಮೀನೂ ಬೇಡ ಬಲೇನೂ ಬೇಡ. ನಿಮ್ಮಂಥೋರಿಗೆ ಇದೇ ಸರಿ, ಆಲ್ಗೆ ಆಯಿಲ್ ಕ್ಯಾಪ್ಸೂಲ್ ಅಂತ ಮೆಡಿಕಲ್‌ನಲ್ಲಿ ಕೇಳಿ. ರೇಟು ಜಾಸ್ತಿ. ಲೇಬಲ್‌ನಲ್ಲಿ ‘ಒಮೆಗಾ-3’ ಅಂತ ದೊಡ್ಡದಾಗಿ ಬರೆದಿದ್ದು ನೋಡಿ ಮರುಳಾಗ್ಬೇಡಿ, ಡಿಎಚ್‌ಎ ಎಷ್ಟು, ಇಪಿಎ ಎಷ್ಟು ಬೇರೆಬೇರೆ ಓದಿ, ಕ್ಯಾಪ್ಸೂಲ್ ಸಿಪ್ಪೆ ಜೆಲಟಿನ್‌ದಾಗಿದ್ರೆ ಅದು ಪ್ರಾಣಿ ಮೂಳೆ, ಚರ್ಮದ್ದು. ಅಗಸೆ ಚಟ್ನಿಪುಡಿ ಬಿಡ್ಬೇಡಿ, ಆದ್ರೆ ಅದ್ರಲ್ಲಿರೋದು ಬೇರೆ ಥರದ ಒಮೆಗಾ-3, ನಮ್ಮ ದೇಹ ಅದನ್ನ ಇಪಿಎ ಮಾಡ್ಕೊಳ್ಳೋದು ಸ್ವಲ್ಪ, ಡಿಎಚ್‌ಎ ಇನ್ನೂ ಕಮ್ಮಿ.

ಪರಿಸರದ ಮಾತು ನಿಜಾನೇ. ಕಡಲಕಳೆಗೆ ಹೊಲ, ಸಿಹಿನೀರು, ಗೊಬ್ಬರ ಯಾವ್ದೂ ಬೇಡ. ತಮಿಳುನಾಡಿನ ರಾಮನಾಥಪುರದ ಕಡೆ ಹೆಂಗಸರು ಬಿದಿರು ತೆಪ್ಪಕ್ಕೆ ಕಟ್ಟಿ ಬೆಳೀತಾರೆ, ಆದ್ರೆ ಅದು ಐಸ್‌ಕ್ರೀಮ್‌ಗೆ ಹಾಕೋ ಕ್ಯಾರಗೀನನ್ ಅಂಟಿಗೇ ಹೆಚ್ಚಾಗಿ ಹೋಗೋದು, ಒಮೆಗಾಗಲ್ಲ.

ನೋರಿ ರುಚಿಗೆ ಒಂದೊಂದು ಹಾಳೆ ತಿಂದ್ರೆ ತೊಂದ್ರೆ ಇಲ್ಲ. ಕೊಂಬು ಅಂತ ಇನ್ನೊಂದು ಕಡಲಕಳೆ ಬರುತ್ತೆ, ಅದ್ರಲ್ಲಿ ಅಯೋಡಿನ್ ವಿಪರೀತ, ದಿನಕ್ಕೆ ಬೇಕಾಗಿದ್ದು 150 ಮೈಕ್ರೋಗ್ರಾಂ, ಅದ್ರ ಒಂದೇ ಗ್ರಾಮಲ್ಲಿ ಅದರ ಹತ್ತುಪಟ್ಟಿಗಿಂತ ಜಾಸ್ತಿ ಇರಬಹುದು. ಮನೇಲಿ ಥೈರಾಯ್ಡ್ ಮಾತ್ರೆ ತಗೊಳ್ಳೋರಿದ್ರೆ ಡಾಕ್ಟ್ರನ್ನ ಕೇಳದೆ ಕೊಡ್ಬೇಡಿ.